ಮನೆಯೊಕ್ಕಲಿನ ಊಟ

ಒಲೆ ಮತ್ತೆ ಜಾರಿತು. ಕಾರಿನ ಟಾಪಿನ ಮೇಲೆ ಕಬ್ಬಿಣ ಕರಕರನೆ ಸರಿದದ್ದು ಕೇಳಿ ಕ್ಲಿಮೆಂಟ್ ಕಿಟಕಿಯಿಂದ ಹೊರಗೆ ಚಾಚಿದ್ದ ಕೈಗೆ ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿಕೊಂಡ. ಸೋಫಿಯಾ ನಗರ ಬಿಟ್ಟಾಗಿನಿಂದ ಅವನಿಗಿದ್ದ ಕೆಲಸ ಇದೊಂದೇ. ಅವನ ಹೆಂಡತಿ ಬಿಸೆರ್ಕಾ ಕಾರು ಓಡಿಸುತ್ತಿದ್ದಳು, ಹಾಡುತ್ತಿದ್ದಳು, ಹಾಡಿನ ನಡುವೆ ಇಬ್ಬರ ಮುಂದಿನ ಇಪ್ಪತ್ತು ವರ್ಷಗಳನ್ನು ಏರ್ಪಾಡು ಮಾಡುತ್ತಿದ್ದಳು. ಅವನು ಹಗ್ಗ ಹಿಡಿದಿದ್ದ.

"ಬಿಸೆರ್ಕಾ, ನಿನಗೊಂದು ಮಾತು ಹೇಳ್ಬೇಕಿತ್ತು."

"ಹೇಳು."

"ಒಲೆ ಜಾರ್ತಿದೆ."

"ಜಾರ್ಲಿ ಬಿಡು ಮಾರಾಯ. ಬಿದ್ರೆ ಹಿಂದೆ ಬರೋರು ಹಾರ್ನ್ ಮಾಡಿ ಹೇಳ್ತಾರೆ."

ಹೇಳಬೇಕಿದ್ದದ್ದು ಒಲೆಯ ವಿಷಯವಲ್ಲ. ಗುರುವಾರ ಪಠ್ಯಪುಸ್ತಕ ಪ್ರಕಾಶನದಿಂದ ಅವನಿಗೆ ಕರೆ ಬಂದಿತ್ತು. ಅಲ್ಲಿ ಅವನು ಮೂವತ್ತೇಳು ವರ್ಷ ಕರಡು ತಿದ್ದಿದ್ದ. ಜೂನ್‌ನಲ್ಲಿ ಅವನಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು. ಅವನ ಜಾಗಕ್ಕೆ ಬಂದ ಹುಡುಗಿ ಮೂರೇ ತಿಂಗಳಿಗೆ ಬಿಟ್ಟುಹೋಗಿದ್ದಳು. ಇನ್ನೆರಡು ವರ್ಷ ಬರುತ್ತೀರಾ ಎಂದು ಕೇಳಿದ್ದರು. ಶನಿವಾರ ಸಂಜೆ ಐದರೊಳಗೆ ತಿಳಿಸಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಬರುತ್ತೇನೆ ಎನ್ನುವುದೆಂದು ಅವನು ಆಗಲೇ ನಿಶ್ಚಯಿಸಿಬಿಟ್ಟಿದ್ದ. ಹೆಂಡತಿಗೆ ಹೇಳುವುದೊಂದು ಉಳಿದಿತ್ತು. ಇವತ್ತು ಶನಿವಾರ.

ಅವನಿಗೆ ಕಾರಣ ಗೊತ್ತಿತ್ತು. ತಿದ್ದಲು ಇನ್ನೊಬ್ಬರು ಬರೆದ ಸಾಲೊಂದು ಎದುರಿಗಿಲ್ಲದಿದ್ದರೆ ತಾನು ಯಾರು ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಈ ಮೂರು ತಿಂಗಳು ಮನೆಯಲ್ಲಿ ಕೂತು ಔಷಧಿ ಡಬ್ಬಿಗಳ ಒಳಗಿನ ಚೀಟಿಗಳನ್ನು ತಿದ್ದಿದ್ದ. ಅವನಿಗೆ ಭಯವಾಗುತ್ತಿತ್ತು.

"ಬಾವಿ ಪಕ್ಕ ಟೊಮೆಟೊ," ಎಂದಳು ಬಿಸೆರ್ಕಾ. "ಅದರ ಆಚೆ ಮೆಣಸಿನಕಾಯಿ. ದ್ರಾಕ್ಷಿ ಬಳ್ಳಿ ಇಪ್ಪತ್ತಿದೆ, ಸವರಿದ್ರೆ ಚಿಗುರುತ್ತೆ. ಅದನ್ನ ನೀನು ನೋಡ್ಕೊ, ನಿನಗೆ ಗೊತ್ತಲ್ಲ."

ಅವನಿಗೆ ಗೊತ್ತಿತ್ತು. ದ್ರಾಕ್ಷಿ ಕೃಷಿಯ ಪಠ್ಯಪುಸ್ತಕದ ಆರು ಮುದ್ರಣಗಳನ್ನು ಅವನೇ ತಿದ್ದಿದ್ದ. ಬಳ್ಳಿಯನ್ನು ಮಾತ್ರ ಒಮ್ಮೆಯೂ ಮುಟ್ಟಿರಲಿಲ್ಲ.

ಮೆಝ್ದ್ರಾ ಪಟ್ಟಣ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಮೆಣಸಿನಕಾಯಿ ಸುಡುವ ವಾಸನೆ ಶುರುವಾಯಿತು. ಸೆಪ್ಟೆಂಬರ್ ಬಂದರೆ ಈ ಕಡೆ ಯಾರ ಅಂಗಳದಲ್ಲಿ ನೋಡಿದರೂ ಇದೇ ಹೊಗೆ. ಬಿಸೆರ್ಕಾ ಮೂಗರಳಿಸಿ ಉಸಿರೆಳೆದು ತೊಡೆ ತಟ್ಟಿಕೊಂಡಳು. ಅವಳ ಅರವತ್ಮೂರು ವರ್ಷದಲ್ಲಿ ಅರ್ಧ ಅಲ್ಲೇ ಕಳಚಿಬಿದ್ದಂತಾಯಿತು. ಆಸ್ಪತ್ರೆಯಲ್ಲಿ ನಲವತ್ತು ವರ್ಷ ಎಕ್ಸ್‌ರೇ ತೆಗೆದವಳು. ಇನ್ನು ಮೇಲೆ ಯಾರ ಒಳಗನ್ನೂ ನೋಡುವುದಿಲ್ಲ ಎಂದು ಶಪಥ ಮಾಡಿದ್ದಳು.

"ಜನ ಬಂದಿರ್ತಾರಾ?" ಎಂದು ಅವನು ಕೇಳಿದ.

"ಬರ್ದೆ ಏನು? ಪುಕ್ಕಟೆ ಊಟ, ಅದೂ ತೋಮಾನ ಮೊಮ್ಮಗಳ ಮನೇದು. ಚೀಸ್ ತುಂಬಿದ ಬಾನಿತ್ಸಾ ಮೂರು ತಟ್ಟೆ ಮಾಡಿದ್ದೀನಿ."

ಊಟದ ಯೋಚನೆ ಅವಳದು, ಕರೆಯೋಲೆ ಅವನದು. ಹಳ್ಳಿಗೆ ಹೋಗಿ ನೆಲೆಸುವವರು ಮೊದಲು ಊರಿಗೆ ಒಂದು ಹೊತ್ತು ಬಡಿಸಬೇಕು ಎಂದಿದ್ದಳು. ಫೋಟೋ ನಿನ್ನದೇ ಹಾಕು, ನನ್ನ ಮುಖ ಅವರಿಗೆ ಗೊತ್ತು, ಅಳಿಯ ಯಾರು ಅಂತ ನೋಡಲಿ ಎಂದಿದ್ದಳು. ಮೂರು ತಿಂಗಳ ಮೇಲೆ ಕೈಗೆ ಸಿಕ್ಕ ಮೊದಲ ಪುಟ. ಅವನು ಎರಡು ದಿನ ಕೂತು ಅದನ್ನು ಮಾಡಿದ. ಮೇಲೆ ತನ್ನ ಗುರುತಿನ ಚೀಟಿಯ ಫೋಟೋ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ತನ್ನ ಪೂರ್ಣ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆಮಂತ್ರಣ, ಕೊನೆಗೆ ಮತ್ತೆ ದಪ್ಪಕ್ಕೆ: ಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ. ಪುಟ ಬೋಳಾಗಿ ಕಂಡಿತೆಂದು ಸುತ್ತಲೂ ಅಂದವಾದ ಒಂದು ಕಪ್ಪು ಪಟ್ಟಿ ಎಳೆದ. ನಾಲ್ಕು ಸಲ ಓದಿದ. ಒಂದು ಅಲ್ಪವಿರಾಮವನ್ನು ತೆಗೆದ, ಆಮೇಲೆ ಮತ್ತೆ ಹಾಕಿದ. ಬಿಸೆರ್ಕಾ ಹತ್ತು ಪ್ರತಿಗಳ ಸುರುಳಿಯನ್ನು ಬಿಚ್ಚಿಯೂ ನೋಡದೆ ಬಸ್ ಡ್ರೈವರನ ಕೈಗಿಟ್ಟು, ಊರಿನ ಅಂಗಡಿಯ ಗ್ರೋಝ್ದಾನನಿಗೆ ಚೀಟಿ ಬರೆದಳು: ಇವನ್ನು ಹಚ್ಚಿಬಿಡು.

ಕಾಮೆನ್‌ಡೋಲ್ ಊರಿನೊಳಗೆ ಕಾರು ಹೊಕ್ಕಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮೇಕೆಯೊಂದನ್ನು ಹಿಡಿದು ದಾಟುತ್ತಿದ್ದ ಮುದುಕನೊಬ್ಬ ಕಿಟಕಿಯಲ್ಲಿದ್ದ ಕ್ಲಿಮೆಂಟನನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಅಲ್ಲೇ ನಿಂತುಬಿಟ್ಟ. ಮೇಕೆ ನಿಲ್ಲಲಿಲ್ಲ.

"ಏನಾಯ್ತು ಆತನಿಗೆ?" ಎಂದಳು ಬಿಸೆರ್ಕಾ.

ಬಸ್ ನಿಲ್ದಾಣದ ಗೋಡೆ ಬಂತು. ಅಲ್ಲಿ ಕ್ಲಿಮೆಂಟನ ಮುಖವಿತ್ತು. ಅಲ್ಪವಿರಾಮ ಸರಿಯಾದ ಜಾಗದಲ್ಲೇ ಇದೆ ಎಂಬುದನ್ನು ಅವನ ಕಣ್ಣು ಮೊದಲು ನೋಡಿತು. ಆಮೇಲೆ ಸುತ್ತಮುತ್ತ ನೋಡಿತು. ಎಡಕ್ಕೆ ಒಬ್ಬ ಮುದುಕಿ, ಬಲಕ್ಕೆ ಟೊಪ್ಪಿಗೆ ಹಾಕಿದ ಒಬ್ಬ, ಕೆಳಗೆ ಇಬ್ಬರು ಅಣ್ಣತಮ್ಮಂದಿರು. ಎಲ್ಲರಿಗೂ ಮೇಲೊಂದು ಫೋಟೋ, ಕೆಳಗೊಂದು ಹೆಸರು, ಸುತ್ತ ಒಂದು ಕಪ್ಪು ಪಟ್ಟಿ. ಈ ದೇಶದಲ್ಲಿ ಯಾರಾದರೂ ಸತ್ತರೆ ಹೀಗೆಯೇ ಗೋಡೆಗೆ ಹಚ್ಚುತ್ತಾರೆ. ನಲವತ್ತನೆಯ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು, ವರ್ಷಕ್ಕೆ ಮಗದೊಂದು. ಅವನು ಹುಟ್ಟಿದಾಗಿನಿಂದ ಅಂಥ ಗೋಡೆಗಳ ಪಕ್ಕದಲ್ಲೇ ಬಸ್ಸಿಗೆ ಕಾದಿದ್ದ. ಬದುಕಿದ ಮನುಷ್ಯನಿಗೆ ಯಾರೂ ಕಪ್ಪು ಪಟ್ಟಿ ಎಳೆಯುವುದಿಲ್ಲ ಎಂಬುದನ್ನು ಯಾವ ಮಗುವಾದರೂ ಬಲ್ಲದು. ಅವನು ಅಕ್ಷರಗಳನ್ನಷ್ಟೇ ನೋಡಿದ್ದ.

ಬಿಸೆರ್ಕಾ ಕಾರು ನಿಲ್ಲಿಸಿದಳು. ಆಮೇಲೆ ಸ್ಟೀರಿಂಗಿಗೆ ಹಣೆ ಹಚ್ಚಿ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಬಿಕ್ಕಳಿಕೆ ಬಂತು.

"ನಾಲ್ಕು ಸಲ ಓದಿದ್ಯಲ್ಲೋ."

"ತಪ್ಪಿರಲಿಲ್ಲ," ಎಂದ ಅವನು.

ಬೀದಿಯ ತಿರುವಿನಲ್ಲಿ ಬಿಸೆರ್ಕಾಳ ಅಜ್ಜ ತೋಮಾನ ಮನೆ ಕಂಡಿತು. ಅರ್ಧ ಹೆಂಚು ಹಾರಿಹೋದ ಮಾಡು, ಗಾಜಿಲ್ಲದ ಕಿಟಕಿಗಳು, ಗೇಟು. ಗೇಟಿನ ಮೇಲೂ ಅವನೇ ಇದ್ದ. ಗ್ರೋಝ್ದಾನ್ ಒಳ್ಳೆಯ ಮನಸ್ಸಿನಿಂದ ಅಲ್ಲಿಗೊಂದು ಕಪ್ಪು ರಿಬ್ಬನ್ನನ್ನೂ ಕಟ್ಟಿದ್ದ. ಗೇಟಿನ ಮುಂದೆ ಕಪ್ಪು ಬಟ್ಟೆಯ ಹದಿನೇಳು ಜನ ನಿಂತಿದ್ದರು. ಊರಲ್ಲಿರುವುದೇ ಇಪ್ಪತ್ತು; ಮೇಕೆಯ ಮುದುಕ ದಾರಿಯಲ್ಲೇ ಉಳಿದಿದ್ದ, ಇನ್ನಿಬ್ಬರು ಹಾಸಿಗೆ ಬಿಟ್ಟು ಏಳುವವರಲ್ಲ.

"ನೀನು ಇಲ್ಲೇ ಕೂತಿರು," ಎಂದು ಬಿಸೆರ್ಕಾ ಕಣ್ಣೊರೆಸಿಕೊಂಡಳು. "ಮೊದಲು ನಾನು ಹೋಗಿ ಹೇಳ್ತೀನಿ. ಇಲ್ದಿದ್ರೆ ಯಾರಿಗಾದ್ರೂ ಎದೆ ಒಡೆದೀತು."

ಅವಳ ಒದ್ದೆ ಕಣ್ಣು ಕಂಡವರಿಗೆ ಬೇರೇನೂ ಬೇಕಾಗಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ನಾಲ್ಕಾರು ಹೆಂಗಸರು ಅವಳನ್ನು ತಬ್ಬಿಕೊಂಡರು. ಕ್ಲಿಮೆಂಟ್ ಸೀಟಿನಲ್ಲಿ ತಗ್ಗಿ ಕೂತ. ಕಿಟಕಿ ತೆರೆದೇ ಇತ್ತು, ಹಗ್ಗ ಇನ್ನೂ ಕೈಯಲ್ಲಿತ್ತು.

"ಒಳ್ಳೆ ಮನುಷ್ಯ ತಾಯಿ, ಯಾರ ಗೋಜಿಗೂ ಹೋದೋನಲ್ಲ."

"ಬಂದಾಗ ಆ ಮೂಲೇಲಿ ಕೂರ್ತಿದ್ದ, ಹೋಗೋವಾಗ ಎದ್ದು ಹೋಗ್ತಿದ್ದ. ಇದ್ದಿದ್ದೇ ಗೊತ್ತಾಗ್ತಿರ್ಲಿಲ್ಲ."

"ಒಬ್ಬರಿಗೆ ಒಂದು ಕೆಟ್ಟ ಮಾತು ಆಡ್ಲಿಲ್ಲ."

"ಮಾತೇ ಆಡ್ಲಿಲ್ವಲ್ಲ, ಪಾಪ."

ನಲವತ್ತು ವರ್ಷದಲ್ಲಿ ಅವನು ಈ ಊರಿಗೆ ನಾಲ್ಕು ಸಲ ಬಂದಿರಬಹುದು. ಆದರೂ ಅವರು ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಸುಳ್ಳು ಹೇಳಿದ್ದರೆ ಅವನಿಗೆ ನಗು ಬರುತ್ತಿತ್ತು. ಅವರು ನಿಜವನ್ನೇ ಹೇಳುತ್ತಿದ್ದರು, ಅದೂ ಪ್ರೀತಿಯಿಂದ.

ಅವನು ಹಗ್ಗ ಬಿಟ್ಟು ಕಾರಿನಿಂದಿಳಿದ. ಟಾಪಿನ ಮೇಲಿನ ಒಲೆ ಇದೇ ಗಳಿಗೆಗೆ ಕಾದಿದ್ದಂತೆ ಧಡಾರನೆ ರಸ್ತೆಗೆ ಬಿತ್ತು. ಹದಿನೇಳು ತಲೆಗಳು ಒಟ್ಟಿಗೆ ತಿರುಗಿದವು.

"ನಮಸ್ಕಾರ," ಎಂದ ಕ್ಲಿಮೆಂಟ್.

ವೆಲಿಕಾ ಎಂಬ ಮುದುಕಿ, ಊರಿಗೇ ಹಿರಿಯಳು, ಕೋಲೂರಿಕೊಂಡು ಹತ್ತಿರ ಬಂದು ಅವನ ಕೆನ್ನೆಯನ್ನು ಮೊದಲು ಮುಟ್ಟಿ ಆಮೇಲೆ ಚಿವುಟಿದಳು.

"ಬೆಚ್ಚಗಿದ್ದಾನೆ ಕಣ್ರೇ," ಎಂದು ಹಿಂದಕ್ಕೆ ತಿರುಗಿ ಹೇಳಿದಳು. "ನಮ್ಮ ಅಳಿಯ ಬೆಚ್ಚಗಿದ್ದಾನೆ."

ಬಿಸೆರ್ಕಾ ವಿಷಯ ತಿಳಿಸಿದಳು. ಗ್ರೋಝ್ದಾನನನ್ನು ಎಲ್ಲರೂ ಸೇರಿ ತರಾಟೆಗೆ ತೆಗೆದುಕೊಂಡರು. ದಪ್ಪ ಮೀಸೆಯ ಆ ಮನುಷ್ಯ ಸೋಲಲಿಲ್ಲ.

"ಫೋಟೋ ಇತ್ತು, ಕಪ್ಪು ಪಟ್ಟಿ ಇತ್ತು, ಹಚ್ಚಿದೆ. ಓದೋಕೆ ನಾನೇನು ಮೇಷ್ಟ್ರಾ? ನೀವ್ಯಾರಾದ್ರೂ ಓದಿದ್ರಾ?"

ಯಾರೂ ಓದಿರಲಿಲ್ಲ. ಹೊತ್ತು ಎಷ್ಟೆಂದು ನೋಡಿಕೊಂಡಿದ್ದರು, ಅಷ್ಟೆ. ಸತ್ತವರ ಬಗ್ಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಆಮೇಲೆ ನಡೆದದ್ದನ್ನು ಕ್ಲಿಮೆಂಟ್ ಕಣ್ಣರಳಿಸಿ ನೋಡಿದ. ಎಲ್ಲರ ಕೈಯಲ್ಲೂ ಹೂವಿತ್ತು, ಡೇಲಿಯಾ, ಸೇವಂತಿಗೆ; ನಾಲ್ಕೋ, ಆರೋ, ಎಂಟೋ. ಸತ್ತವರಿಗೆ ತರುವ ಹೂವು ಸಮಸಂಖ್ಯೆಯಲ್ಲಿರಬೇಕು, ಬದುಕಿದವರಿಗೆ ಬೆಸ. ಯಾರೂ ಯಾರಿಗೂ ಹೇಳಲಿಲ್ಲ. ಒಬ್ಬೊಬ್ಬರೇ ತಮ್ಮ ಗೊಂಚಲಿನಿಂದ ಒಂದು ಹೂವನ್ನು ಕಿತ್ತುಕೊಂಡರು. ಹೆಂಗಸರು ಅದನ್ನು ಕಿವಿಗೆ ಸಿಕ್ಕಿಸಿಕೊಂಡರು, ಗಂಡಸರು ಟೊಪ್ಪಿಗೆಗೆ. ಮಿಕ್ಕದ್ದನ್ನು ಅವನ ತೋಳಿಗೆ ತುಂಬಿದರು. ಹದಿನೇಳು ಜನ ಅವನ ಸಲುವಾಗಿ ಒಂದೊಂದು ಹೂವನ್ನು ಎಣಿಕೆಯಿಂದ ಕಳೆದರು.

ಅಂಗಳದ ಆಕ್ರೋಟದ ಮರದ ಕೆಳಗೆ ಬಾಗಿಲು ಕಳಚಿ ಮೇಜು ಮಾಡಿದರು. ಶ್ರಾದ್ಧಕ್ಕೆಂದು ಅವರು ತಂದಿದ್ದ ಸಕ್ಕರೆ ಹಾಕಿದ ಬೇಯಿಸಿದ ಗೋಧಿಯೂ ಬಿಸೆರ್ಕಾಳ ಬಾನಿತ್ಸಾ, ಸುಟ್ಟ ಮೆಣಸಿನಕಾಯಿಗಳ ಪಕ್ಕ ಕೂತಿತು. ಮಾಡಿದ ಅಡುಗೆಯನ್ನು ಬಿಸಾಡುವುದು ಯಾರಿಗೂ ಸಮ್ಮತವಿರಲಿಲ್ಲ. ಬಿಸೆರ್ಕಾ ಬಡಿಸಿದಾಗಲೆಲ್ಲ ಮುದುಕಿಯರ ಬಾಯಿಂದ ಅಭ್ಯಾಸಬಲದಿಂದ "ದೇವರು ಅವನನ್ನ ಕ್ಷಮಿಸಲಿ" ಎಂದು ಬಂದುಬಿಡುತ್ತಿತ್ತು. ನಾಲಿಗೆ ಕಚ್ಚಿಕೊಂಡು ಅವನ ಕಡೆ ನೋಡುತ್ತಿದ್ದರು. ಅವನು "ಪರವಾಗಿಲ್ಲ, ಕ್ಷಮಿಸಲಿ" ಎನ್ನುತ್ತಿದ್ದ. ಪ್ರತಿ ಸಲವೂ ಮೇಜಿನ ಸುತ್ತ ನಗು.

ಗ್ರೋಝ್ದಾನ್ ಲೋಟಗಳಿಗೆ ರಕಿಯಾ ಸಾರಾಯಿ ಸುರಿದ. ಸತ್ತವರ ಊಟದಲ್ಲಿ ಲೋಟಕ್ಕೆ ಲೋಟ ತಾಗಿಸುವುದಿಲ್ಲ, ಮೊದಲ ಗುಟುಕನ್ನು ನೆಲಕ್ಕೆ ಚೆಲ್ಲುತ್ತಾರೆ. ಗ್ರೋಝ್ದಾನ್ ಚೆಲ್ಲಲು ಬಗ್ಗಿದವನು ತಡೆದು, ನೆಟ್ಟಗಾಗಿ, ಕ್ಲಿಮೆಂಟನ ಲೋಟಕ್ಕೆ ಠಣ್ಣನೆ ತಾಗಿಸಿದ.

"ಸುಳ್ಳು ಸಾವು ಬಂದೋನು ನೂರು ವರ್ಷ ಬದುಕ್ತಾನೆ ಸಾರ್. ಇನ್ನು ನೀವು ನಮ್ಮನ್ನೆಲ್ಲ ಹೂತೇ ಹೋಗೋದು."

"ಆಗ್ಲಿ," ಎಂದ ಕ್ಲಿಮೆಂಟ್. "ಆದರೆ ಕಾಗದ ನಾನು ಬರೀತೀನಿ. ನೀನು ಹಚ್ಚಬೇಡ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಒಂದು ಮಾತಿಗೆ ಹದಿನೇಳು ಜನ ನಕ್ಕದ್ದು ಅವನ ಬದುಕಿನಲ್ಲಿ ಇದೇ ಮೊದಲು. ಇಲ್ಲೇ ಇದ್ದುಬಿಟ್ಟರೆ ಹೇಗೆ ಎಂದು ಅವನಿಗನ್ನಿಸಿತು. ಫೋನನ್ನೇ ಮಾಡದೆ ಐದು ಗಂಟೆಯನ್ನು ಹಾಗೇ ದಾಟಿಸಿಬಿಟ್ಟರೆ? ಈ ಯೋಚನೆ ಅರ್ಧ ಗಂಟೆ ಅವನ ಜೊತೆಗಿತ್ತು, ಬೆಚ್ಚಗಿತ್ತು.

ಬಿಸೆರ್ಕಾ ಬಂದು ಪಕ್ಕದಲ್ಲಿ ಕೂತಳು. ಅವಳ ಕಿವಿಯಲ್ಲೂ ಯಾರದೋ ಸೇವಂತಿಗೆ. ಮೇಜಿನ ಮೇಲೆ ಚೆಲ್ಲಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಮನೆಯ ನಕ್ಷೆ ಎಳೆದಳು.

"ಇಲ್ಲಿ ಒಲೆ. ಕಾಲು ಒಂದು ಮುರಿದಿದೆ, ಇಟ್ಟಿಗೆ ಕೊಟ್ರಾಯ್ತು. ಇಲ್ಲಿ ಮಂಚ. ಈ ಕಿಟಕಿ ಹತ್ರ ನಿನ್ನ ಮೇಜು. ಇಲ್ಲಿ ಕೂತು ನೀನು ಏನಾದ್ರೂ ತಿದ್ದು."

"ಏನನ್ನ?"

"ಏನಾದ್ರೂ."

"ಬಿಸೆರ್ಕಾ, ನಾನೊಂದು ಮಾತು..."

"ಹೇಳು."

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷದಿಂದ ಅವಳು ಇಷ್ಟು ಸಂತೋಷವಾಗಿದ್ದದ್ದನ್ನು ಅವನು ಕಂಡಿರಲಿಲ್ಲ.

"ಬಾನಿತ್ಸಾ ಚೆನ್ನಾಗಾಗಿದೆ."

"ಗೊತ್ತು," ಎಂದು ಅವಳು ಹಿಟ್ಟನ್ನು ಒರೆಸಿ ಎದ್ದುಹೋದಳು. ಅಕಾರ್ಡಿಯನ್ ಇದ್ದವನೊಬ್ಬ ಅದನ್ನು ತಂದಿದ್ದ. ಕಪ್ಪು ಬಟ್ಟೆಯವರೆಲ್ಲ ಕೈಕೈ ಹಿಡಿದು ಕುಣಿತಕ್ಕೆ ನಿಂತರು. ಮುಂದಾಳು ಅವಳೇ.

ನಾಲ್ಕೂವರೆಗೆ ಅವನು ಫೋನ್ ತೆಗೆದು ನೋಡಿದ. ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಬಾವಿಯ ಹತ್ತಿರ ಹೋದ, ಮನೆಯ ಹಿಂದೆ ಹೋದ, ಮುರಿದ ಏಣಿಯ ಎರಡು ಮೆಟ್ಟಿಲು ಹತ್ತಿದ. ಬೆಂಚಿನ ಮೇಲೆ ಕೂತಿದ್ದ ವೆಲಿಕಜ್ಜಿ ಅವನನ್ನೇ ನೋಡುತ್ತಿದ್ದಳು.

"ಇಲ್ಲೆಲ್ಲೂ ಸಿಗಲ್ಲ ಅಳಿಯಪ್ಪ. ಸ್ಮಶಾನದ ದಿಬ್ಬಕ್ಕೆ ಹೋಗ್ಬೇಕು. ಊರೋರೆಲ್ಲ ಅಲ್ಲೇ ಮಾತಾಡೋದು. ಬಾ, ನಾನೂ ಮಗಳಿಗೆ ಮಾಡ್ಬೇಕು, ಸ್ಪೇನ್‌ನಲ್ಲಿದ್ದಾಳೆ."

ದಿಬ್ಬ ದೂರವಿರಲಿಲ್ಲ. ಮುದುಕಿ ದಾರಿಯುದ್ದಕ್ಕೂ ಕುಂಬಳದ ಬೀಜ ಒಡೆಯುತ್ತ ಬಂದಳು.

"ಯಾರಿಗೆ ಫೋನು?"

"ಸೋಫಿಯಾಗೆ. ಕೆಲಸದ್ದು."

"ಬಿಸೆರ್ಕಾಗೆ ಗೊತ್ತಾ?"

"ಇಲ್ಲ."

"ನಾನು ಕಿವುಡಿ. ಆರಾಮಾಗಿ ಮಾತಾಡು."

ಮೇಲೆ ಗಾಳಿಯಿತ್ತು. ವೆಲಿಕಜ್ಜಿ ಒಂದು ಸಮಾಧಿ ಕಲ್ಲಿಗೆ ತಾಗಿದಂತಿದ್ದ ಮೋಟು ಬೆಂಚಿನಲ್ಲಿ ಅಭ್ಯಾಸವಿದ್ದವಳಂತೆ ಕೂತಳು. ಕಲ್ಲಿನ ಮೇಲೆ ಎರಡು ಫೋಟೋಗಳಿದ್ದವು. ಒಂದು ಅವಳ ಗಂಡನದು, ಇನ್ನೊಂದು ಅವಳದೇ. ಅವನ ಹೆಸರಿನ ಮುಂದೆ ಎರಡು ಇಸವಿ, ಅವಳ ಹೆಸರಿನ ಮುಂದೆ ಒಂದು ಇಸವಿ, ಒಂದು ಅಡ್ಡಗೆರೆ. ಅವಳು ಆ ಕಲ್ಲಿಗೆ ಬೆನ್ನಾನಿಸಿ ಕಾಲು ಚಾಚಿ, ಬೀಜದ ಸಿಪ್ಪೆಯನ್ನು ಪಕ್ಕದ ಸಮಾಧಿಯವರ ಕಡೆ ಉಗಿದಳು.

ಕ್ಲಿಮೆಂಟ್ ಸಂಖ್ಯೆ ಒತ್ತಿದ. ಐದಕ್ಕೆ ಆರು ನಿಮಿಷ. ಆ ಕಡೆ ಯಾರೋ ಎತ್ತಿಕೊಂಡರು, ಧ್ವನಿ ಕತ್ತರಿಸಿ ಕತ್ತರಿಸಿ ಬಂತು. ಹಲೋ, ಹಲೋ, ಕೇಳಿಸ್ತಿಲ್ಲ.

"ಅಲ್ಲಿ ಆಗಲ್ಲ," ಎಂದಳು ವೆಲಿಕಜ್ಜಿ. "ಈ ಕಡೆ ಬಾ. ನಿಮ್ಮದರಲ್ಲಿ ನಿಂತು ಮಾತಾಡು. ಅಲ್ಲಿ ಚೆನ್ನಾಗಿ ಕೇಳುತ್ತೆ."

"ನಮ್ಮದರಲ್ಲಾ?"

"ಬಿಸೆರ್ಕಾ ತೋರಿಸಿಲ್ವಾ? ಏಪ್ರಿಲ್‌ನಲ್ಲಿ ಬಂದು ಮಾಡಿಸಿ ಹೋದಳಲ್ಲ. ತೋಮಾನ ಪಕ್ಕದ ಜಾಗ."

ಏಪ್ರಿಲ್‌ನಲ್ಲಿ ಅವಳು ಮಾಡು ನೋಡುವ ಬಡಗಿಯನ್ನು ಕಾಣಲೆಂದು ಬಂದಿದ್ದಳು. ಬಡಗಿ ಸಿಗಲಿಲ್ಲ ಎಂದಿದ್ದಳು.

ಅವನು ನೋಡಿದ. ಸುಣ್ಣ ಬಳಿದ ಅಚ್ಚುಕಟ್ಟಾದ ಕಟ್ಟೆ, ಒಳಗೆ ಸಮ ಮಾಡಿದ ಮಣ್ಣು, ಅಂಚಿಗೆ ನೆಟ್ಟ ಗುಲಾಬಿಯಲ್ಲಿ ಮೊಗ್ಗು. ತಲೆಯ ಕಡೆಗೆ ಇಬ್ಬರು ಕೂರುವಷ್ಟು ಅಗಲದ ಹೊಸ ಬೆಂಚು, ಅದರ ಬಣ್ಣವೂ ಒಣಗಿತ್ತು. ತೋಮಾ ಬಿಟ್ಟುಹೋದ ಆಸ್ತಿಯಲ್ಲಿ ಕೆಲಸ ಪೂರ್ತಿ ಮುಗಿದಿದ್ದ ಜಾಗ ಅದೊಂದೇ. ಕೆಳಗೆ ಆಕ್ರೋಟದ ಮರದ ಸುತ್ತ ಕುಣಿತ ನಡೆದೇ ಇತ್ತು. ಅಷ್ಟು ದೂರಕ್ಕೂ ಬಿಸೆರ್ಕಾಳ ನಗು ಕೇಳುತ್ತಿತ್ತು.

ಹಲೋ, ಎಂದಿತು ಫೋನು. ಅವನು ಕಟ್ಟೆ ದಾಟಿ ಒಳಗೆ ಕಾಲಿಟ್ಟ.

"ಹಾಂ, ಈಗ ಸ್ಪಷ್ಟವಾಗಿ ಕೇಳಿಸ್ತಿದೆ ಸಾರ್," ಎಂದಿತು ಆ ಕಡೆಯ ಧ್ವನಿ. "ಹೇಳಿ, ಏನು ತೀರ್ಮಾನ ಮಾಡಿದ್ರಿ?"

ಕ್ಲಿಮೆಂಟ್ ಬಾಯಿ ತೆರೆದ.

"ಅಲ್ಲಲ್ಲ, ಅಳಿಯಪ್ಪ," ಎಂದು ವೆಲಿಕಜ್ಜಿ ಬೀಜ ಒಡೆಯುತ್ತಲೇ ಕೋಲಿನಿಂದ ತೋರಿಸಿದಳು. "ಅದು ಅವಳದು. ಬಲಗಡೆ ನಿಂದು."

ಅವನು ಫೋನನ್ನು ಕಿವಿಯಿಂದ ತೆಗೆಯದೆ ಒಂದು ಹೆಜ್ಜೆ ಬಲಕ್ಕೆ ಸರಿದು ನಿಂತ.